ತೀರ್ಮಾನ ಅವರ ಕೈಯಲ್ಲೇ ಇರಲಿ

ಲೈಫ್ ಕೋಚಿಂಗ್ ತರಬೇತಿ ಮುಗಿಸಿ ಈಗಷ್ಟೇ ಕೆಲಸಕ್ಕೆ ಇಳಿದಿರುವ ಗೆಳೆಯ ಗೆಳತಿಯರಿಗೆ,



ನಿಮ್ಮಲ್ಲಿ ಹಲವರು ಐಟಿ ಕಂಪನಿಯ ಕೆಲಸ ಬಿಟ್ಟು ಬಂದವರು, ಕೆಲವರು ವರ್ಷಾನುಗಟ್ಟಲೆ ಪಾಠ ಹೇಳಿದವರು, ಇನ್ನು ಕೆಲವರು ಮಕ್ಕಳು ದೊಡ್ಡವರಾದ ಮೇಲೆ ಹೊಸದೇನಾದರೂ ಕಲಿಯೋಣ ಎಂದು ಹೊರಟವರು. ನಾನು ಬೆಂಗಳೂರಿನಲ್ಲಿ ಬಹುಕಾಲದಿಂದ ಇದೇ ಕೆಲಸ ಮಾಡಿಕೊಂಡಿರುವವಳು. ಹೊಸ ಕೋಚ್‌ಗಳಿಗೆ ಮೆಂಟರ್ ಆಗಿ ಕೂರುವಾಗ ಅವರು ತರುವ ತೊಂದರೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕ್ಲೈಂಟ್ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಮಾಡುತ್ತಾರೆ. ಬಾಕಿ ಫೀಸು ಕೇಳಲು ಬಾಯಿ ಬರುವುದಿಲ್ಲ. ಕ್ಲೈಂಟಿನ ತಾಯಿ ಫೋನ್ ಮಾಡಿ "ಏನಂದ ನನ್ನ ಮಗ?" ಎನ್ನುತ್ತಾರೆ. ಮೂರು ತಿಂಗಳು ಕಳೆದ ಮೇಲೆ ಒಂದು ದಿನ ಕ್ಲೈಂಟೇ "ನಿಮ್ಮಿಂದ ನನಗೇನೂ ಆಗಲಿಲ್ಲ" ಎಂದು ಸಿಟ್ಟಾಗುತ್ತಾರೆ. ಎಲ್ಲದರ ಬೇರು ಒಂದೇ ಕಡೆ ಇದೆ. ಮೊದಲ ಭೇಟಿಯಲ್ಲಿ ಆಡಬೇಕಾಗಿದ್ದ ಮಾತು ಆಡದೇ ಉಳಿದಿರುತ್ತದೆ.

ಆ ಮಾತಿನ ಬಗ್ಗೆಯೇ ಈ ಪತ್ರ. ನಾವು ಏನು ಮಾಡುತ್ತೇವೆ, ಏನು ಮಾಡುವುದಿಲ್ಲ, ಬಂದವರು ಏನು ಮಾಡಬೇಕು ಎನ್ನುವುದನ್ನು ಬಿಡಿಸಿ ಹೇಳಿ, ಬರೆದು, ಇಬ್ಬರೂ ಒಪ್ಪಿದ ಮೇಲೆಯೇ ಕೆಲಸ ಶುರುಮಾಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ಹೀಗೆಂದರೆ ಹೊಸಬರು ಕೇಳುತ್ತಾರೆ: "ಕಷ್ಟ ಅಂತ ಬಂದೋರ ಮುಂದೆ ಮೊದಲೇ ಕರಾರು ಪತ್ರ ಹಿಡಿದ್ರೆ ಏನಂದ್ಕೊಳ್ತಾರೆ ಮೇಡಂ?" ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಬಂದವರ ಹಿತಕ್ಕಾಗಿಯೇ ಆ ಕಾಗದ ಬೇಕು. ನಮ್ಮ ದೇಶದಲ್ಲಿ ಕೋಚ್ ಎದುರು ಕೂತವರಿಗೆ ಇರುವ ರಕ್ಷಣೆ ಬಹುಮಟ್ಟಿಗೆ ಅದೊಂದೇ.

ಡಾಕ್ಟರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಬೇಕು, ವಕೀಲರಿಗೆ ವಕೀಲರ ಪರಿಷತ್ತಿನದು ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಬೇಕಾದರೆ 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರಿರಬೇಕು. ಲೈಫ್ ಕೋಚ್ ಎಂದು ಬೋರ್ಡ್ ಹಾಕಲು ಇಂಥ ಯಾವುದೂ ಬೇಡ. ನಾಳೆ ಬೆಳಗ್ಗೆ ಯಾರು ಬೇಕಾದರೂ ಹಾಕಬಹುದು. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ತನ್ನ ಮೊದಲ ಹಂತದ ಎಸಿಸಿ ಮಾನ್ಯತೆಗೆ 100 ಗಂಟೆ, ಪಿಸಿಸಿಗೆ 500, ಎಂಸಿಸಿಗೆ 2,500 ಗಂಟೆ ಕೋಚಿಂಗ್ ಮಾಡಿದ ದಾಖಲೆ ಕೇಳುತ್ತದೆ. ಅದು ಪಟ್ಟಿ ಮಾಡಿರುವ ಎಂಟು ಮೂಲ ಸಾಮರ್ಥ್ಯಗಳಲ್ಲಿ ಕ್ಲೈಂಟ್ ಜೊತೆ ಒಪ್ಪಂದ ಮಾಡಿಕೊಂಡು ಅದನ್ನು ಕಾಯ್ದುಕೊಂಡು ಹೋಗುವುದೂ ಒಂದು. ಒಳ್ಳೆಯ ನೀತಿಸಂಹಿತೆಯೂ ಇದೆ. ಆದರೆ ಅದೆಲ್ಲ ಆ ಸಂಸ್ಥೆಗೆ ಸೇರಿದವರಿಗೆ ಮಾತ್ರ. ಸರ್ಕಾರದ ಲೈಸೆನ್ಸ್ ಅಲ್ಲ. ದುಡ್ಡು ತೆಗೆದುಕೊಂಡು ಕೊಟ್ಟ ಸೇವೆಯಲ್ಲಿ ಲೋಪವಾಯಿತು ಎಂದು ಯಾರಾದರೂ 2019ರ ಕಾಯ್ದೆಯಡಿ ಗ್ರಾಹಕರ ಆಯೋಗಕ್ಕೆ ಹೋಗಬಹುದು, ನಿಜ. ಅಲ್ಲಿಯೂ ಏಳುವ ಮೊದಲ ಪ್ರಶ್ನೆ, ನಿಮ್ಮಿಬ್ಬರ ನಡುವೆ ಏನು ಮಾತಾಗಿತ್ತು ಎಂಬುದೇ.

ಅಷ್ಟಕ್ಕೂ ನಮ್ಮ ವೃತ್ತಿ ಹುಟ್ಟಿದ್ದೇ ಗೆರೆಯೊಂದು ಸರಿದಿದ್ದರಿಂದ. ಅಮೆರಿಕದ ಥಾಮಸ್ ಲೆನಾರ್ಡ್ ಹಣಕಾಸು ಸಲಹೆಗಾರರಾಗಿದ್ದವರು. ದುಡ್ಡು ಎಲ್ಲಿ ಹೂಡೋಣ ಎಂದು ಕೇಳಲು ಬಂದವರು ತಮ್ಮ ಕೆಲಸ, ಮನೆ, ಮುಂದಿನ ಬದುಕಿನ ಯೋಚನೆಗಳನ್ನೆಲ್ಲ ಅವರ ಮುಂದೆ ಹರವುತ್ತಿದ್ದರು. ಅಲ್ಲಿಂದ ಹೊರಟು ಅವರು 1992ರಲ್ಲಿ ಕೋಚ್‌ಗಳಿಗಾಗಿ ತರಬೇತಿ ಸಂಸ್ಥೆ ತೆರೆದರು, 1995ರಲ್ಲಿ ಈ ಫೆಡರೇಶನ್ನನ್ನು ಹುಟ್ಟುಹಾಕಿದರು. ಕೋಚ್ ಮುಂದೆ ಏನನ್ನು ತರಬಹುದು, ಏನನ್ನು ಇನ್ನೊಬ್ಬರ ಬಳಿ ಒಯ್ಯಬೇಕು ಎಂಬ ಪ್ರಶ್ನೆ ಆಗಿನಿಂದಲೂ ನಮ್ಮ ಜೊತೆಗಿದೆ.

ಇನ್ನು ನಮ್ಮ ಕೋಣೆಗೆ ಬರೋಣ. ಕರಾರಿನ ಮಾತು ಮುಗಿದ ಮೇಲೆ ಒಬ್ಬರು ಸೆಷನ್ನಿಗೆ ಬಂದಿದ್ದಾರೆ ಎನ್ನಿ. ನಲವತ್ತರ ಹತ್ತಿರ, ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಮ್ಯಾನೇಜರ್. ಸಕಲೇಶಪುರದ ಕಡೆ ಕಾಫಿ ತೋಟ. ಅಪ್ಪನಿಗೆ ಕೈಲಾಗುತ್ತಿಲ್ಲ, ಆಳುಗಳು ಸಿಗುತ್ತಿಲ್ಲ. ಕೆಲಸ ಬಿಟ್ಟು ಊರಿಗೆ ಹೋಗಬೇಕೋ, ತೋಟವನ್ನು ಯಾರಿಗಾದರೂ ವಹಿಸಿ ಇಲ್ಲೇ ಇರಬೇಕೋ ಎಂದು ನಿದ್ದೆಗೆಟ್ಟಿದ್ದಾರೆ. ಹೆಂಡತಿಗೆ ಇಲ್ಲಿ ಒಳ್ಳೆಯ ಕೆಲಸವಿದೆ, ಮಗಳು ಐದನೇ ಕ್ಲಾಸು. ಮುಕ್ಕಾಲು ಗಂಟೆ ಎಲ್ಲ ಹೇಳಿಕೊಂಡು, ನೀರು ಕುಡಿದು, ಲೋಟ ಕೆಳಗಿಟ್ಟು ಕೇಳುತ್ತಾರೆ:

"ಮೇಡಂ, ನೀವು ಎಷ್ಟೋ ಜನರನ್ನ ನೋಡಿರ್ತೀರ. ನೀವೇ ಹೇಳಿಬಿಡಿ. ಹೋಗ್ಲಾ, ಬೇಡ್ವಾ?"

ಉತ್ತರ ನಿಮ್ಮ ನಾಲಿಗೆಯ ತುದಿಗೆ ಬಂದಿರುತ್ತದೆ. ನುಂಗಿಕೊಳ್ಳಿ. ಹೋಗಿ ಎಂದಿರಿ ಎನ್ನಿ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೆಣಸಿನ ಬಳ್ಳಿಗೆ ಸೊರಗು ರೋಗ ಬರುತ್ತದೆ. ಇಲ್ಲೇ ಇರಿ ಎಂದಿರಿ ಎನ್ನಿ, ಅಪ್ಪ ಹಾಸಿಗೆ ಹಿಡಿಯುತ್ತಾರೆ. ಎರಡರಲ್ಲೂ ಆ ಮನುಷ್ಯನಿಗೆ ಎದುರಿಸಿ ನಿಲ್ಲಲು ತನ್ನದೆನ್ನುವ ತೀರ್ಮಾನ ಇರುವುದಿಲ್ಲ, ನಿಮ್ಮದೊಂದು ಮಾತು ಇರುತ್ತದೆ. ಅದರ ಬದಲು ಹೀಗೆನ್ನಬಹುದು: "ಹೋಗಿ, ಬೇಡ ಅಂತ ನಾನು ಹೇಳೋದಿಲ್ಲ ಅನ್ನೋದು ಮೊದಲ ದಿನವೇ ಮಾತಾಗಿತ್ತು. ಒಂದು ಕೇಳ್ತೀನಿ. ತೋಟ ಮುಂದೇನು ಮಾಡೋಣ ಅಂತ ಅಪ್ಪನನ್ನೇ ಕೇಳಿದ್ದೀರಾ?" ಎಷ್ಟೋ ಹೊತ್ತಿನ ಮೇಲೆ ಉತ್ತರ ಬರುತ್ತದೆ: "ಇಲ್ಲ. ಅಪ್ಪನ ಹತ್ರ ಅಂಥ ಮಾತು ನಾವು ಆಡೋದೇ ಇಲ್ಲ." ಉಳಿದ ಸಮಯ ಅಲ್ಲಿಗೆ ಹೋಗುತ್ತದೆ. ಮುಂದಿನ ಶನಿವಾರ ಅವರು ಊರಿಗೆ ಹೋಗುತ್ತಾರೆ, ಅಪ್ಪನ ಜೊತೆ ತೋಟದಲ್ಲಿ ಒಂದು ಸುತ್ತು ಹಾಕುತ್ತಾರೆ, ಕೇಳುತ್ತಾರೆ.

ಗಮನಿಸಿ, ಆ ಉತ್ತರ ಕೊಡಲು ಸಾಧ್ಯವಾದದ್ದು "ಮೊದಲ ದಿನವೇ ಮಾತಾಗಿತ್ತು" ಎಂಬುದರಿಂದ. ಆಗಿರದಿದ್ದರೆ ಅದೇ ಮಾತು ಜಾರಿಕೊಳ್ಳುವ ಉಪಾಯದಂತೆ ಕೇಳಿಸುತ್ತದೆ. ನಮ್ಮಲ್ಲಿ ಜಾತಕ ಹಿಡಿದು ಹೋದರೆ ಜೋಯಿಸರು ಹೇಳುತ್ತಾರೆ, ರಿಪೋರ್ಟ್ ಹಿಡಿದು ಹೋದರೆ ಡಾಕ್ಟರು ಹೇಳುತ್ತಾರೆ, ಮನೆಯಲ್ಲಿ ಸೋದರಮಾವ ಕೇಳದೆಯೇ ಹೇಳುತ್ತಾರೆ. ಹಾಗಿರುವಾಗ ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ಬಂದ ಕಡೆ "ನೀವೇ ಯೋಚಿಸಿ" ಎಂದರೆ ಮೋಸ ಹೋದೆ ಅನ್ನಿಸುವುದರಲ್ಲಿ ಅವರ ತಪ್ಪೇನೂ ಇಲ್ಲ. ಕೋಚಿಂಗ್ ಎಂದರೇನು ಎಂದು ಹೇಳಲು ನಾನು ಎಷ್ಟೋ ಸಲ ಟೆನಿಸ್ ಅಂಗಳದ ಕಥೆಯನ್ನೇ ಹೇಳುತ್ತೇನೆ. ಟಿಮೊಥಿ ಗಾಲ್ವೆ ಎಂಬ ಟೆನಿಸ್ ಕೋಚ್ 1974ರಲ್ಲಿ ಒಂದು ಪುಸ್ತಕ ಬರೆದರು. ಮೊಣಕೈ ಹೀಗಿಡು, ರ‍್ಯಾಕೆಟ್ ಹಾಗೆ ಬೀಸು ಎಂದು ಹೇಳಿಕೊಡುವ ಬದಲು, ಚೆಂಡು ನೆಲಕ್ಕೆ ಬಡಿದಾಗ ಒಂದು ಪದ, ರ‍್ಯಾಕೆಟ್ಟಿಗೆ ತಾಗಿದಾಗ ಇನ್ನೊಂದು ಪದ ಬಾಯಿಬಿಟ್ಟು ಹೇಳು ಎಂದಷ್ಟೇ ಅವರು ಕಲಿಯುವವರಿಗೆ ಹೇಳುತ್ತಿದ್ದರು. ಕಣ್ಣು ಚೆಂಡಿನ ಮೇಲೆ ನಿಂತರೆ ಕೈ ತಾನೇ ಕಲಿಯುತ್ತದೆ ಎಂಬುದು ಅವರ ಅನುಭವ. ಇಷ್ಟು ಹೇಳಿದರೆ ಬಂದವರಿಗೆ ಅರ್ಥವಾಗುತ್ತದೆ: ಆಡುವವರು ತಾವು, ಹೇಗೆ ಆಡುತ್ತಿದ್ದೇವೆ ಎಂಬುದರ ಕಡೆ ಗಮನ ಸೆಳೆಯುವವರು ಇವರು.

ಈಗ ಇದಕ್ಕಿಂತ ಗಂಭೀರವಾದ ಗೆರೆ. ಸೈಕಿಯಾಟ್ರಿಸ್ಟ್ ಹತ್ತಿರ ಹೋಗುತ್ತೇನೆ ಎಂದರೆ ಮನೆಯವರು ಗಾಬರಿಯಾಗುತ್ತಾರೆ. ಕೋಚ್ ಹತ್ತಿರ ಎಂದರೆ ಪ್ರಮೋಷನ್ನಿಗೆ ತಯಾರಿ ಇರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ. ಹಾಗಾಗಿ ಚಿಕಿತ್ಸೆ ಬೇಕಾದವರೂ ನಮ್ಮ ಬಾಗಿಲು ತಟ್ಟುತ್ತಾರೆ. "ಫೋಕಸ್ ಆಗ್ತಿಲ್ಲ, ಮೋಟಿವೇಶನ್ ಬೇಕು" ಎಂದು ಬಂದವರಿಗೆ ವಾರಗಟ್ಟಲೆ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತಿರುತ್ತದೆ, ಊಟ ಸೇರುತ್ತಿರುವುದಿಲ್ಲ, ಇಷ್ಟದ ಯಾವುದೂ ಇಷ್ಟವಾಗುತ್ತಿರುವುದಿಲ್ಲ. ಅವರಿಗೆ ಗುರಿ ಬರೆಸಿ, ಬೆಳಗ್ಗೆ ಐದಕ್ಕೆ ಏಳಿ, ಡೈರಿ ಬರೆಯಿರಿ ಎನ್ನುವುದು ಕ್ರೌರ್ಯ. ಅದನ್ನು ಮಾಡಲಾಗದೆ ಅವರು ಇನ್ನಷ್ಟು ಕುಗ್ಗುತ್ತಾರೆ.

"ನಿಮಗೆ ಡಿಪ್ರೆಶನ್ ಇದೆ" ಎನ್ನುವ ಅಧಿಕಾರ ನಮಗಿಲ್ಲ. "ಇದು ನನ್ನ ಕೆಲಸದ ವ್ಯಾಪ್ತಿಗೆ ಬರೋದಲ್ಲ, ನೀವು ಒಬ್ಬ ಡಾಕ್ಟರನ್ನ ನೋಡಬೇಕು ಅಂತ ನನಗನ್ನಿಸುತ್ತೆ" ಎನ್ನುವ ಕರ್ತವ್ಯ ಇದೆ. ಹೀಗಾಗಬಹುದು ಎಂದು ಮೊದಲ ದಿನವೇ ಹೇಳಿಟ್ಟಿರಿ. ಆಗ ಆ ಮಾತು ಬಂದಾಗ ಅವರಿಗೆ ಕೈಬಿಟ್ಟಂತೆ ಅನ್ನಿಸುವುದಿಲ್ಲ. ನಿಮ್ಮ ಭಾಗದ ಇಬ್ಬರು ಮೂವರು ಮನೋವೈದ್ಯರ, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ಪರಿಚಯ ಮಾಡಿಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರು ನಿಮ್ಮ ಕರಾರು ಪತ್ರದಲ್ಲೇ ಇರಲಿ. ತುರ್ತಿಗೆ ಯಾರಿಗೆ ತಿಳಿಸಬೇಕು ಎಂಬ ಹೆಸರು, ಫೋನ್ ನಂಬರನ್ನೂ ಮೊದಲ ದಿನ ಬರೆಸಿಕೊಳ್ಳಿ. "ನಾನಿದ್ದು ಯಾರಿಗೇನು ಪ್ರಯೋಜನ" ಎಂಬ ಧಾಟಿಯ ಮಾತು ಬಂದರೆ ಹಾದು ಹೋಗಬೇಡಿ. ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಆ ಹೊತ್ತಿಗೆ ಕೋಚಿಂಗ್ ಮುಗಿಯಿತು. ಅವರನ್ನು ಒಂಟಿಯಾಗಿ ಬಿಡದೆ ಮನೆಯವರ, ವೈದ್ಯರ ಕೈಗೆ ಒಪ್ಪಿಸುವವರೆಗೆ ನಿಮಗೆ ಬೇರೆ ಕೆಲಸವಿಲ್ಲ.

ಮಾತ್ರೆ ನಿಲ್ಲಿಸಿ ಎನ್ನುವುದು, ಇಂಥ ಶೇರು ಕೊಳ್ಳಿ ಎನ್ನುವುದು, ಡೈವೋರ್ಸ್ ಕೇಸು ಹೀಗೆ ಹಾಕಿ ಎನ್ನುವುದು, ಯಾವುದೂ ನಮ್ಮದಲ್ಲ. ಫೀಸು ತೆಗೆದುಕೊಂಡು ಹೂಡಿಕೆಯ ಸಲಹೆ ಕೊಡುವವರು ಸೆಬಿಯ 2013ರ ನಿಯಮದಂತೆ ನೋಂದಾಯಿಸಿಕೊಂಡಿರಬೇಕು.

ಇನ್ನು ದುಡ್ಡು ಕೊಡುವವರು ಒಬ್ಬರು, ಎದುರು ಕೂರುವವರು ಇನ್ನೊಬ್ಬರು ಆದಾಗಿನ ಮಾತು. ಅವಸರದಲ್ಲಿದ್ದರೆ ಬೇರೆಲ್ಲ ಬಿಟ್ಟು ಈ ಭಾಗವನ್ನಾದರೂ ಓದಿ, ಯಾಕೆಂದರೆ ನಮ್ಮಲ್ಲಿ ಅತಿ ಹೆಚ್ಚು ಮನಸ್ಸುಗಳು ಮುರಿಯುವುದು ಇಲ್ಲೇ.

ತಾಯಿಯೊಬ್ಬರು ಫೋನ್ ಮಾಡುತ್ತಾರೆ. "ಮಗನಿಗೆ ಮೂವತ್ತೊಂದು. ಒಳ್ಳೆ ಕೆಲಸ ಇದೆ. ಮದುವೆ ಅಂದ್ರೆ ತಟ್ಟೆ ಬಿಟ್ಟು ಎದ್ದು ಹೋಗ್ತಾನೆ. ನೀವು ಸ್ವಲ್ಪ ಮಾತಾಡಿ ಒಪ್ಪಿಸಿಕೊಡಿ. ಎಷ್ಟಾಗುತ್ತೋ ನಾನು ಕೊಡ್ತೀನಿ." ಅವರ ದನಿಯಲ್ಲಿ ನೋವಿರುತ್ತದೆ, ನಿಮಗೆ ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ. ಆದರೂ ಹೇಳಲೇಬೇಕು: "ಅಮ್ಮಾ, ನಿಮ್ಮ ಮಗ ತಾನಾಗೇ ಬರೋದಾದ್ರೆ ಅವರ ಜೊತೆ ಕೂರ್ತೀನಿ. ಮದುವೆಗೆ ಒಪ್ಪಿಸೋ ಕೆಲಸ ನನ್ನದಲ್ಲ. ಅವರು ನನ್ನ ಹತ್ರ ಏನು ಹೇಳಿದ್ರು ಅಂತ ನಿಮಗೆ ಹೇಳೋದಿಲ್ಲ. ಕೊನೆಗೆ ಅವರು ನನಗೆ ಮದುವೆ ಬೇಡ ಅಂತಾನೇ ಗಟ್ಟಿ ಮನಸ್ಸು ಮಾಡಬಹುದು. ಆಗ ದುಡ್ಡು ಕೊಟ್ಟಿದ್ದು ದಂಡವಾಯ್ತು ಅಂತ ನೀವು ಅಂದ್ಕೋಬಾರದು." ಅನೇಕರು ಅಲ್ಲಿಗೇ ಫೋನ್ ಇಡುತ್ತಾರೆ. ಇಡಲಿ. ಕೆಲವರು ಮಾತು ಮುಂದುವರಿಸುತ್ತಾರೆ, ಮಗನ ಮದುವೆಯಾಚೆ ತಮ್ಮ ದಿನಗಳನ್ನು ಹೇಗೆ ಕಳೆಯಬೇಕೋ ತಿಳಿಯದೆ ಕೂತಿರುವುದು ಹೊರಬರುತ್ತದೆ. ಕೋಚಿಂಗ್ ಬೇಕಾಗಿರುವುದು ಅವರಿಗೇ ಇರುತ್ತದೆ. ಆ ದಾರಿ ತೆರೆದಿಡಿ.

ಪಿಯುಸಿ ಮಕ್ಕಳನ್ನು ನೀಟ್, ಸಿಇಟಿ ತಯಾರಿಯ ನಡುವೆ ಕರೆತರುವ ಅಪ್ಪ ಅಮ್ಮಂದಿರ ಜೊತೆಗೂ ಇದೇ ಮಾತು, ಒಂದು ವ್ಯತ್ಯಾಸದೊಂದಿಗೆ. ಹದಿನೆಂಟು ತುಂಬದವರಾದ್ದರಿಂದ ಹೆತ್ತವರ ಒಪ್ಪಿಗೆ ಬರಹದಲ್ಲೇ ಬೇಕು. ಮಗು ಬಂತೋ ಇಲ್ಲವೋ, ಅದರ ಜೀವಕ್ಕೆ ಅಪಾಯವಿದೆಯೋ ಇಲ್ಲವೋ, ಇವೆರಡನ್ನು ತಿಳಿಯುವ ಹಕ್ಕು ಅವರಿಗಿದೆ. ಉಳಿದದ್ದು ಮಗು ತಾನಾಗಿ ಹೇಳಿದರೆ ಉಂಟು. ಇದನ್ನು ಮೂವರೂ ಎದುರಿಗಿರುವಾಗಲೇ ಹೇಳಿ, ಮಗುವಿನ ಕಿವಿಗೆ ಬೀಳುವ ಹಾಗೆ.

ಕಂಪನಿ ಕಳಿಸುವ ಕ್ಲೈಂಟ್‌ಗಳ ವಿಷಯದಲ್ಲಿ ಇಕ್ಕಟ್ಟು ಇನ್ನೂ ಸೂಕ್ಷ್ಮ. ಫೀಸು ಕೊಡುವುದು ಎಚ್‌ಆರ್ ವಿಭಾಗ, ಮುಂದಿನ ಕೆಲಸ ಕೊಡುವವರೂ ಅವರೇ. ಮೂರನೇ ಸೆಷನ್ ಕಳೆದ ಮೇಲೆ ಒಂದು ಸಂಜೆ ಫೋನ್ ಬರುತ್ತದೆ: "ಏನಿಲ್ಲ, ಸುಮ್ನೆ ವಿಚಾರಿಸೋಣ ಅಂತ. ಅವರು ಕಂಪನಿ ಬಿಡೋ ಯೋಚನೆಯಲ್ಲಿದ್ದಾರಾ?" ಇಲ್ಲಿ ಒಂದು ತೊಡಕಿದೆ. ಅವರು ಬಿಡುವ ಯೋಚನೆಯಲ್ಲಿ ಇಲ್ಲದಿದ್ದಾಗ "ಇಲ್ಲ" ಎಂದು, ಇದ್ದಾಗ "ಹೇಳಲಾರೆ" ಎಂದರೆ ಹೇಳಿದಂತೆಯೇ ಆಯಿತು. ಹಾಗಾಗಿ ಎರಡಕ್ಕೂ ಒಂದೇ ಉತ್ತರ ಇರಬೇಕು, ಅದು ಕೆಲಸ ಶುರುವಾಗುವ ಮೊದಲೇ ಎಲ್ಲರಿಗೂ ಗೊತ್ತಿರಬೇಕು. ನಾನು ಕ್ಲೈಂಟ್, ಅವರ ಮ್ಯಾನೇಜರ್, ಎಚ್‌ಆರ್ ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಗುರಿಗಳನ್ನು ಬರೆಸುತ್ತೇನೆ. ಕಂಪನಿಗೆ ನನ್ನಿಂದ ಹೋಗುವುದು ಎಷ್ಟು ಸೆಷನ್ ಆಯಿತು ಎಂಬ ಲೆಕ್ಕ ಮಾತ್ರ. ಪ್ರಗತಿಯ ವರದಿಯನ್ನು ಕ್ಲೈಂಟೇ ಕೊಡುತ್ತಾರೆ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಕೋಚಿಂಗ್ ನಡೆಯುವಾಗ ಈ ಕೆಲಸ ತನಗಲ್ಲ ಎಂದು ಕ್ಲೈಂಟಿಗೆ ಅನ್ನಿಸಿದರೆ ಆ ಮಾತನ್ನು ತಡೆಯುವುದಿಲ್ಲ ಎಂದೂ ಆ ಮೇಜಿನಲ್ಲೇ ಹೇಳಿರುತ್ತೇನೆ. ಇಷ್ಟಕ್ಕೆ ಒಪ್ಪದ ಕಂಪನಿಯ ಕೆಲಸ ಬಿಡಿ. ತೆಗೆದುಹಾಕಲು ಆಗಲೇ ನಿರ್ಧರಿಸಿದವರನ್ನು "ಕೋಚಿಂಗ್ ಕೊಡಿಸಿದೆವು, ಸುಧಾರಿಸಲಿಲ್ಲ" ಎಂದು ಕಡತದಲ್ಲಿ ಬರೆಯಲಿಕ್ಕಾಗಿ ಕಳಿಸುವುದುಂಟು. ಅದಕ್ಕೆ ಮಾತ್ರ ಎಷ್ಟು ದುಡ್ಡು ಕೊಟ್ಟರೂ ಒಪ್ಪಬೇಡಿ. ಒಬ್ಬರ ಅನ್ನ ಕೀಳುವ ಕಾಗದಕ್ಕೆ ನಮ್ಮ ಹೆಸರು ಸಾಕ್ಷಿಯಾಗಬಾರದು.

ಗುಟ್ಟಿನ ಬಗ್ಗೆ ಹೇಳುವಾಗ "ನೀವು ಹೇಳಿದ್ದು ಈ ನಾಲ್ಕು ಗೋಡೆ ದಾಟೋದಿಲ್ಲ" ಎಂದು ಎದೆ ತಟ್ಟಿ ಹೇಳುವವರನ್ನು ನೋಡಿದ್ದೇನೆ. ಹಾಗೆ ಹೇಳಬಾರದು, ಏಕೆಂದರೆ ಅದು ಪೂರ್ತಿ ನಿಜವಲ್ಲ. ವಕೀಲರಿಗೆ ಕಕ್ಷಿದಾರರು ಹೇಳಿದ ಮಾತಿಗೆ ಸಾಕ್ಷ್ಯ ಕಾನೂನಿನ ರಕ್ಷಣೆ ಇದೆ. ಕೋಚ್‌ಗೆ ಅಂಥದ್ದಿಲ್ಲ, ಕೋರ್ಟು ಕರೆದರೆ ಹೋಗಬೇಕು, ಕೇಳಿದರೆ ಹೇಳಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆಯಿದೆ. ಜೀವಕ್ಕೆ ಅಪಾಯವಿದ್ದರೂ ಸುಮ್ಮನಿರಲಾಗದು. ಈ ಹೊರತುಗಳನ್ನು ಮೊದಲೇ ಹೇಳಿ. ಕೇಳಿ ಬೆಚ್ಚುತ್ತಾರೆ ಎಂಬ ಭಯ ಬೇಡ. ಎಲ್ಲಿಯವರೆಗೆ ಗುಟ್ಟು ಎಂದು ಗೊತ್ತಾದವರು ಆ ಎಲ್ಲೆಯೊಳಗೆ ಹೆಚ್ಚು ನಿರಾಳವಾಗಿ ಮಾತಾಡುವುದನ್ನೇ ನಾನು ಕಂಡಿರುವುದು. ನಿಮ್ಮ ನೋಟ್ಸ್ ಎಲ್ಲಿ ಇಡುತ್ತೀರಿ, ಎಷ್ಟು ಕಾಲ ಇಡುತ್ತೀರಿ ಎಂಬುದನ್ನೂ ಹೇಳಿ. ಕೇಳದೆ ಝೂಮ್ ಸೆಷನ್ ರೆಕಾರ್ಡ್ ಮಾಡಬೇಡಿ. ಕ್ಲೈಂಟ್ ಕಳಿಸಿದ ಧನ್ಯವಾದದ ಮೆಸೇಜನ್ನು ಹೆಸರು ಅಳಿಸಿ ಸ್ಟೇಟಸ್ ಹಾಕಿಕೊಳ್ಳುವ ಚಾಳಿ ಹೆಚ್ಚುತ್ತಿದೆ, ದಯವಿಟ್ಟು ಬಿಟ್ಟುಬಿಡಿ. ಅವರ ಅಣ್ಣ ತಮ್ಮಂದಿರು ಅದನ್ನು ಓದಿದ ಕೂಡಲೇ ಗುರುತು ಹಿಡಿಯುತ್ತಾರೆ.

ಸಮಯ, ಫೋನು, ದುಡ್ಡು ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೆಷನ್ ಎಷ್ಟು ಹೊತ್ತು, ತಡವಾಗಿ ಬಂದರೆ ಏನು, ಎಷ್ಟು ಮುಂಚೆ ತಿಳಿಸಿದರೆ ರದ್ದುಮಾಡಬಹುದು, ನಡುವೆ ಬಿಟ್ಟರೆ ಎಷ್ಟು ಹಣ ವಾಪಸು, ಮೆಸೇಜಿಗೆ ಯಾವ ಹೊತ್ತಿನಲ್ಲಿ ಉತ್ತರ ಸಿಗುತ್ತದೆ, ಎಲ್ಲ ಒಂದು ಪುಟದಲ್ಲಿ ಹಿಡಿಸುತ್ತದೆ. ನ್ಯೂಜೆರ್ಸಿಯ, ದುಬೈನ ಕನ್ನಡಿಗರು ಝೂಮ್‌ನಲ್ಲಿ ಬರುವಾಗ ಯಾವ ಊರಿನ ಗಂಟೆ ಎಂದು ಬರೆಯಿರಿ, ತುರ್ತಿಗೆ ಅವರಿರುವ ಊರಿನ ಸಹಾಯವಾಣಿ ಯಾವುದು ಎಂದು ಹುಡುಕಿಟ್ಟುಕೊಳ್ಳಿ. ಫೀಸಿನ ಮಾತನ್ನು "ಆಮೇಲೆ ನೋಡೋಣ ಬಿಡಿ" ಎಂದು ಮುಂದೂಡುವ ನಮ್ಮ ದಾಕ್ಷಿಣ್ಯವೇ ಮುಂದೆ ಮುನಿಸಿಗೆ ಕಾರಣ. ಕಡಿಮೆ ಮಾಡಬೇಕಾದವರಿಗೆ ಮೊದಲೇ ಕಡಿಮೆ ಮಾಡಿ. ಒಪ್ಪಿದ ಮೇಲೆ ಕೇಳಿ ಪಡೆಯಿರಿ. "ತೊಂಬತ್ತು ದಿನದಲ್ಲಿ ಜೀವನ ಬದಲು" ಎಂದು ಜಾಹೀರಾತು ಕೊಟ್ಟವರು ತೊಂಬತ್ತೊಂದನೇ ದಿನ ಕೇಳಿಸಿಕೊಳ್ಳಬೇಕಾದ ಮಾತಿಗೆ ತಾವೇ ಹೊಣೆ.

ರಾತ್ರಿ ಬರುವ ವಾಟ್ಸಾಪಿನ ಬಗ್ಗೆ ಮಾತ್ರ ಒಂದು ಮಾತು ಸೇರಿಸುತ್ತೇನೆ. ಬಾಸ್ ಜೊತೆ ಜಗಳವಾದ ಕೂಡಲೇ ನಿಮಗೆ ಬರೆದು, ನೀವು ಕೂಡಲೇ ಸಮಾಧಾನ ಹೇಳಿದರೆ, ಆ ರಾತ್ರಿ ಅವರು ತಾವೇ ಯೋಚಿಸಿ ದಾಟಬಹುದಾಗಿದ್ದ ಒಂದು ಗಂಟೆಯನ್ನು ನೀವು ಕಿತ್ತುಕೊಂಡ ಹಾಗೆ. ಬೆಳಗ್ಗೆ ಒಂಬತ್ತಕ್ಕೆ ಉತ್ತರಿಸಿ. ಅಷ್ಟರಲ್ಲಿ "ಪರವಾಗಿಲ್ಲ ಮೇಡಂ, ನಾನೇ ಹೋಗಿ ಮಾತಾಡ್ತೀನಿ" ಎಂಬ ಇನ್ನೊಂದು ಮೆಸೇಜ್ ಬಂದಿರುವುದು ಅಪರೂಪವಲ್ಲ.

ಈಗ ನಮ್ಮವರ ಪ್ರೀತಿಯ ವಿಷಯ. ನಾಲ್ಕು ಸಲ ಮನಸ್ಸು ಬಿಚ್ಚಿ ಮಾತಾಡಿದರೆ ನಮ್ಮಲ್ಲಿ ಯಾರೂ ಪರಕೀಯರಾಗಿ ಉಳಿಯುವುದಿಲ್ಲ. ಮೇಡಂ ಎನ್ನುತ್ತಿದ್ದವರು ಅಕ್ಕ ಎನ್ನುತ್ತಾರೆ, ಸರ್ ಎನ್ನುತ್ತಿದ್ದವರು ಅಣ್ಣ ಎನ್ನುತ್ತಾರೆ. ಹಬ್ಬಕ್ಕೆ ಚಕ್ಕುಲಿ, ಕೋಡುಬಳೆ ಬರುತ್ತದೆ. ಕೆಲವರು ಕಾಲಿಗೆ ಬೀಳಲು ಬಾಗುತ್ತಾರೆ. ಹೊರದೇಶದ ನಿಯಮಾವಳಿ ಓದಿಕೊಂಡು ಇದನ್ನೆಲ್ಲ ಒರಟಾಗಿ ತಳ್ಳಬೇಕಿಲ್ಲ. ಅಕ್ಕ ಎಂದರೆ ಎನ್ನಲಿ, ಆದರೆ ಅಕ್ಕನ ಅಧಿಕಾರದಿಂದ "ನನ್ನ ಮಾತು ಕೇಳು" ಎನ್ನಬೇಡಿ. ಚಕ್ಕುಲಿ ತಿನ್ನಿ, ಸೀರೆ, ಬೆಳ್ಳಿ ಲೋಟ ಹಿಂದಿರುಗಿಸಿ. ಕಾಲಿಗೆ ಬಾಗಿದವರನ್ನು ತಡೆದು ನಿಲ್ಲಿಸಿ, ಯಾಕೆಂದರೆ ಪಾದಕ್ಕೆ ಹಣೆ ಹಚ್ಚಿದವರು ಮುಂದಿನ ಸೆಷನ್ನಿನಲ್ಲಿ "ನೀವು ಹೇಳಿದ್ದು ನನಗೆ ಸರಿ ಅನ್ನಿಸಲಿಲ್ಲ" ಎನ್ನಲಾರರು. ಆ ಮಾತು ಅವರ ಬಾಯಲ್ಲಿ ಬರುವಂತಿರುವುದು ನಮಗೆ ಬಹಳ ಮುಖ್ಯ.

ಗೃಹಪ್ರವೇಶ, ಮದುವೆ, ನಾಮಕರಣಕ್ಕೆ ಕರೆದರೆ ನಾನು ಕೋಚಿಂಗ್ ನಡೆಯುತ್ತಿರುವಷ್ಟು ದಿನ ಹೋಗುವುದಿಲ್ಲ, ಇದನ್ನು ಮೊದಲೇ ಹೇಳಿಟ್ಟಿರುತ್ತೇನೆ. ಊಟದ ಪಂಕ್ತಿಯಲ್ಲಿ ಅವರ ಅತ್ತಿಗೆ ಪಕ್ಕ ಕೂತು "ನಿಮಗೆ ಇವರು ಹೇಗೆ ಪರಿಚಯ?" ಎಂದು ಕೇಳುತ್ತಾರೆ. ಆಗ ನಾನು ಸುಳ್ಳು ಹೇಳಬೇಕು, ಇಲ್ಲವೇ ಅವರ ಗುಟ್ಟು ಬಿಟ್ಟುಕೊಡಬೇಕು. ನಿಮ್ಮದೇ ನೆಂಟರಿಗೆ, ಹತ್ತಿರದ ಗೆಳೆಯರಿಗೆ, ನಿಮ್ಮ ಕೈಕೆಳಗೆ ಕೆಲಸ ಮಾಡುವವರಿಗೆ ಕೋಚ್ ಆಗಬೇಡಿ, ಇನ್ನೊಬ್ಬರ ಹತ್ತಿರ ಕಳಿಸಿ. ಕ್ಲೈಂಟ್ ಜೊತೆ ಸಾಲ, ಚೀಟಿ, ವ್ಯಾಪಾರ ಯಾವುದೂ ಬೇಡ. ಪ್ರೇಮ, ದೈಹಿಕ ಸಂಬಂಧ ಎಂದೂ ಕೂಡದು. ಎದೆಯ ನೋವನ್ನು ನಂಬಿ ಒಪ್ಪಿಸಿದವರ ಒಪ್ಪಿಗೆ ಸ್ವತಂತ್ರ ಒಪ್ಪಿಗೆಯಲ್ಲ.

ನಿಮ್ಮಲ್ಲಿ ಬಹುಪಾಲು ಜನರ ಕೈಯಲ್ಲಿರುವ ಕರಾರು ಪತ್ರ ಇಂಗ್ಲಿಷಿನದು, ತರಬೇತಿಯಲ್ಲಿ ಕೊಟ್ಟದ್ದು, ಆರೇಳು ಪುಟ. ಕ್ಲೈಂಟ್ ಕೊನೆಯ ಪುಟ ತಿರುವಿ ಸಹಿ ಹಾಕುತ್ತಾರೆ. ಅದು ಮಾತಾಡಿಕೊಂ‍ಡಂತೆ ಆಗುವುದಿಲ್ಲ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ಪುಸ್ತಕದ ಮೇಲೆ ಪುಸ್ತಕ ಬರೆದು ಮನಸ್ಸಿನ ಕಾಯಿಲೆಗಳ ಮಾತನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದ್ದಾರೆ. ನಮ್ಮ ವೃತ್ತಿಯ ಮಾತು ಇನ್ನೂ ಇಂಗ್ಲಿಷಿನಲ್ಲೇ ನಿಂತಿದೆ. ಒಂದೂವರೆ ಪುಟದಲ್ಲಿ, ಕನ್ನಡದಲ್ಲಿ, ನೀವೇ ಬರೆಯಿರಿ. ನನ್ನ ಪತ್ರದ ಕೆಲವು ಸಾಲುಗಳನ್ನು ಇಲ್ಲಿ ಕೊಡುತ್ತೇನೆ, ಬೇಕಾದರೆ ಬಳಸಿಕೊಳ್ಳಿ:

"ನಾನು ನಿಮಗೆ ಹೀಗೆ ಮಾಡಿ ಎಂದು ಹೇಳುವುದಿಲ್ಲ. ನೀವು ಯೋಚಿಸಿ ತೀರ್ಮಾನಿಸಲು ಜೊತೆಗಿರುತ್ತೇನೆ. ತೀರ್ಮಾನವೂ ಅದರ ಫಲವೂ ನಿಮ್ಮದು. ನಾನು ಡಾಕ್ಟರಲ್ಲ, ಆಪ್ತಸಮಾಲೋಚಕಿಯಲ್ಲ. ನಿಮಗೆ ಅಂಥವರ ಸಹಾಯ ಬೇಕು ಅನ್ನಿಸಿದರೆ ತಿಳಿಸುತ್ತೇನೆ, ಆಗ ನಮ್ಮ ಸೆಷನ್‌ಗಳನ್ನು ನಿಲ್ಲಿಸಬೇಕಾಗಬಹುದು. ಸೆಷನ್ನಿನಲ್ಲಿ ನೀವು ಮಾಡುತ್ತೇನೆ ಎಂದ ಕೆಲಸವನ್ನು ಮಾಡಿಕೊಂಡು ಬರುವುದು ನಿಮ್ಮ ಹೊಣೆ. ನನ್ನ ರೀತಿ ಹಿಡಿಸದಿದ್ದರೆ ಯಾವಾಗ ಬೇಕಾದರೂ ಹೇಳಬಹುದು, ಬಿಟ್ಟು ಹೋಗಬಹುದು. ಉಳಿದ ಸೆಷನ್‌ಗಳ ಹಣ ಹದಿನೈದು ದಿನದೊಳಗೆ ವಾಪಸು ಕೊಡುತ್ತೇನೆ."

ಇದನ್ನು ಕೈಗೆ ಕೊಟ್ಟು ಸುಮ್ಮನಾಗಬೇಡಿ. ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ. ಆಮೇಲೆ "ನಿಮಗೆ ಅರ್ಥವಾಗಿದ್ದನ್ನ ನಿಮ್ಮ ಮಾತಲ್ಲಿ ಹೇಳಿ" ಎನ್ನಿ. ಮನೆಗೆ ಕೊಂಡೊಯ್ದು ಯೋಚಿಸಿ ಬರಲು ಎರಡು ದಿನ ಕೊಡಿ. ಮೊದಲ ಭೇಟಿಗೆ ನಾನು ಫೀಸು ತೆಗೆದುಕೊಳ್ಳದಿರುವುದು ಇದಕ್ಕಾಗಿಯೇ. ದುಡ್ಡು ಕೊಟ್ಟಾಯಿತು ಎಂಬ ಕಾರಣಕ್ಕೆ ಯಾರೂ ಒಪ್ಪಬಾರದು.

ಕೊನೆಗೆ, ಮುಗಿಸುವ ದಿನವನ್ನೂ ಮೊದಲ ದಿನವೇ ಬರೆಯಿರಿ. ಆರು ಸೆಷನ್, ಹತ್ತು ಸೆಷನ್, ನಡುವೆ ಒಮ್ಮೆ ನಿಂತು ಹಿಂದಿರುಗಿ ನೋಡುವುದು. ಮುಗಿಯುವ ಹೊತ್ತಿಗೆ "ಇನ್ನೊಂದಾರು ತಿಂಗಳು ಇರಲಿ ಮೇಡಂ" ಎನ್ನುತ್ತಾರೆ. ನಿಮಗೂ ಬಾಡಿಗೆ ಕಟ್ಟಬೇಕಿರುತ್ತದೆ, ಒಪ್ಪಿಕೊಳ್ಳುವ ಆಸೆ ಸಹಜ. ಯಾವುದಕ್ಕಾಗಿ ಎಂದು ಕೇಳಿ. ಹೊಸದೊಂದು ಕೆಲಸ ಎದುರಿಗಿದ್ದರೆ ಹೊಸ ಕರಾರು ಮಾಡಿ. "ವಾರಕ್ಕೊಮ್ಮೆ ನಿಮ್ಮ ಹತ್ರ ಮಾತಾಡದಿದ್ರೆ ಏನೋ ಕಳ್ಕೊಂಡಂಗೆ ಆಗುತ್ತೆ" ಎಂಬ ಉತ್ತರ ಬಂದರೆ ಅದನ್ನೇ ಮುಂದಿಟ್ಟುಕೊಂಡು ಮಾತಾಡಿ: ಆ ಮಾತನ್ನು ಹೆಂಡತಿಯ ಹತ್ತಿರ, ಗೆಳೆಯನ ಹತ್ತಿರ, ಅಣ್ಣನ ಹತ್ತಿರ ಆಡಲು ಏನು ಅಡ್ಡಿ? ಎಷ್ಟೋ ಸಲ ಕೊನೆಯ ಒಂದೆರಡು ಸೆಷನ್ ಬೇಕಾಗುವುದು ಆ ಅಡ್ಡಿಯನ್ನು ನೋಡಲಿಕ್ಕೇ.

ಈ ಪತ್ರ ಓದಿದವರಲ್ಲಿ ಯಾರಾದರೂ ಕನ್ನಡದಲ್ಲಿ ಕರಾರು ಪತ್ರ ಬರೆದರೆ ಒಬ್ಬರಿಗೊಬ್ಬರು ತೋರಿಸಿಕೊಳ್ಳಿ. ಧಾರವಾಡದಲ್ಲಿ, ಮಂಗಳೂರಿನಲ್ಲಿ, ಕಲಬುರಗಿಯಲ್ಲಿ ಕೆಲಸ ಮಾಡುವವರು ತಮ್ಮ ಕಡೆಯ ಮಾತಿನಲ್ಲೇ ಬರೆಯಲಿ. ಈಗಾಗಲೇ ಕ್ಲೈಂಟ್‌ಗಳನ್ನು ನೋಡುತ್ತಿದ್ದು, ಈ ಮಾತು ಆಡದೆಯೇ ಶುರುಮಾಡಿದ್ದರೆ, ಮುಂದಿನ ಸೆಷನ್ನಿನ ಮೊದಲ ಇಪ್ಪತ್ತು ನಿಮಿಷವನ್ನು ಇದಕ್ಕೆ ಎತ್ತಿಡಿ. ಮೂರನೇ ತಿಂಗಳಲ್ಲಿ ಆಡಿದರೂ ಅದು ಆಡಬೇಕಾದ ಮಾತೇ.

ಪ್ರೀತಿಯಿಂದ,
ನಿಮ್ಮ ವೃತ್ತಿಯ ಹಿರಿಯ ಗೆಳತಿ
ಬೆಂಗಳೂರು